ಮಂಜಣ್ಣ ಕಂಡ ಬಾವಿ

ಮಂಜಣ್ಣ ಸಿನೆಮಾಕ್ಕೆ ಹೋಗುವುದೆಂದರೆ ಪೊಲೀಸರು ಸ್ಥಳ ಮಹಜರಿಗೆ ಹೋದ ಹಾಗೆ. ಸೀಟಿನಲ್ಲಿ ಕೂತ ಕೂಡಲೇ ಅವನ ಹುಬ್ಬು ಗಂಟಿಕ್ಕುತ್ತದೆ. ಪರದೆಯ ಮೇಲೆ ಮೊದಲು ಯಾರು ನಗುತ್ತಾರೋ ಅವರ ಮೇಲೆ ಅವನಿಗೆ ಸಂಶಯ. ಯಾರೂ ನಗದಿದ್ದರೆ ಎಲ್ಲರ ಮೇಲೂ ಸಂಶಯ.

ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ ಅವನದೊಂದು ಬಲೆ, ಹಗ್ಗದ ಅಂಗಡಿ. ಶುಕ್ರವಾರ ಬೆಳಿಗ್ಗೆ ಹೆಂಡತಿ ವಿನಯಾಳನ್ನು ಗಲ್ಲಾದಲ್ಲಿ ಕೂರಿಸಿ, ಮಾಲು ತರಲು ಹೋಗುತ್ತೇನೆ ಎಂದು ಹೊರಟರೆ ಬೆಳಗಿನ ಆಟ ಮುಗಿಸಿ ಊಟದ ಹೊತ್ತಿಗೆ ಬರುವುದು ವಾಡಿಕೆ. ಮಾಲು ಮಾತ್ರ ಬರುತ್ತಿರಲಿಲ್ಲ. ಟಾಕೀಸಿನಿಂದ ಹೊರಗೆ ಬಂದವನೇ ತನ್ನ ಅಭಿಪ್ರಾಯವನ್ನು ವಾಟ್ಸಾಪಿನಲ್ಲಿ ಮಾತಾಡಿ, ಬಸ್‌ಸ್ಟ್ಯಾಂಡಿನ ಹತ್ತಿರ ಚಾದಂಗಡಿ ನಡೆಸುವ ಗೆಳೆಯ ಕುಷ್ಟನಿಗೆ ಕಳಿಸುತ್ತಾನೆ. ಕುಷ್ಟ ಅದನ್ನು ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಜೋರಾಗಿ ಹಾಕುತ್ತಾನೆ. ತನ್ನ ಮಾತು ಕೇಳದೆ ಈ ಊರಿನಲ್ಲಿ ಯಾರೂ ಟಿಕೆಟ್ ತೆಗೆಯುವುದಿಲ್ಲ ಎಂದು ಮಂಜಣ್ಣ ನಂಬಿದ್ದ.

ಅವನ ಅಭಿಪ್ರಾಯಗಳಿಗೆ ಒಂದು ವೈಶಿಷ್ಟ್ಯವಿತ್ತು. ಸಿನೆಮಾದ ಹೆಸರಾಗಲಿ ನಟನಟಿಯರ ಹೆಸರಾಗಲಿ ಅದರಲ್ಲಿ ಇರುವುದಿಲ್ಲ. ಅವು ಅವನಿಗೆ ನೆನಪೇ ಇರುತ್ತಿರಲಿಲ್ಲ. ಮಳೆಗಾಲದ ಕೊನೆಗೆ ಬಂದ ಒಂದು ಪ್ರೇಮಕಥೆಯಲ್ಲಿ ಹುಡುಗಿ ಮಳೆಯಲ್ಲಿ ನೆನೆದು ಅಳುತ್ತಾಳೆ. ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿದ್ದಾಗ ಮಂಜಣ್ಣ ಅವಳ ಹಿಂದಿನ ತೆಂಗಿನಮರದ ಬುಡ ಒಣಗಿದ್ದನ್ನು ಗುರುತಿಸಿ, ಮಳೆ ಸುಳ್ಳು, ಹಾಗಾದರೆ ಅಳುವೂ ಸುಳ್ಳು ಎಂದು ತೀರ್ಪು ಕೊಟ್ಟ. ಇನ್ನೊಂದರಲ್ಲಿ ನಾಯಕ ಒಬ್ಬನೇ ಮೂವತ್ತು ಜನರನ್ನು ಬಡಿಯುತ್ತಾನೆ. ಬಡಿಯಲಿ, ಆದರೆ ಆ ಮೂವತ್ತು ಜನ ಅಂಥ ಬಯಲಿಗೆ ಯಾವ ಬಸ್ಸಿನಲ್ಲಿ ಬಂದಿಳಿದರು ಎಂಬುದು ಮಂಜಣ್ಣನ ಪ್ರಶ್ನೆ. ಕಡಲಿನ ಕಥೆ ಎಂದು ಹೊಗಳಿಸಿಕೊಂಡ ಮತ್ತೊಂದು ಸಿನೆಮಾದಲ್ಲಿ ಆಗಷ್ಟೇ ಬಲೆಗೆ ಬಿದ್ದ ಮೀನಿನ ಕಣ್ಣು ಕಂಡು, ಅದು ಐಸಿನಲ್ಲಿಟ್ಟ ಮೀನು, ಇಡೀ ಕಥೆಯೇ ಮೋಸ ಎಂದು ಎದ್ದು ಬಂದಿದ್ದ. ಎದ್ದು ಬರುವುದೂ ಅವನ ಪದ್ಧತಿಯೇ. ಅಪರಾಧಿ ಯಾರೆಂದು ತನಗೆ ಗೊತ್ತಾದ ಮೇಲೆ ಮತ್ತೆ ಕೂತು ಕಾಯುವುದು ಜಡ್ಜುಗಳ ಕೆಲಸ ಎನ್ನುತ್ತಿದ್ದ.

ಇಂಥ ಮನುಷ್ಯನಿಗೆ ಅವನ ತಂಗಿ ಜಲಜ ಒಂದು ಕೆಲಸ ಒಪ್ಪಿಸಿದಳು. ಜಲಜಳ ಮನೆ ಸಾಲಿಗ್ರಾಮದಲ್ಲಿ. ಗಂಡ ಮುಂಬೈಯ ಹೋಟೆಲೊಂದರಲ್ಲಿ ಮ್ಯಾನೇಜರ್. ಮಗಳು ಧನ್ಯಶ್ರೀ ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗೆ ಬೈಂದೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ರತನ್, ಸ್ವಂತ ಐಸ್ ಪ್ಲಾಂಟು, ತಂದೆ ಇಲ್ಲ, ತಾಯಿ ಕುಸುಮಾವತಿಯೇ ಮನೆಗೆ ಹಿರಿಯಳು. ಆದಿತ್ಯವಾರ ಎಲ್ಲರೂ ಸೇರಿ ಮನೆ ನೋಡಲು ಹೋಗುವುದೆಂದು ಮಾತಾಗಿತ್ತು. ಅದಕ್ಕೂ ಮೊದಲು ಸೋದರಮಾವನಾದವನು ಶುಕ್ರವಾರ ಸದ್ದಿಲ್ಲದೆ ಬೈಂದೂರಿಗೆ ಹೋಗಿ, ಹುಡುಗನ ಗುಣನಡತೆ ವಿಚಾರಿಸಿಕೊಂಡು ಬರಬೇಕೆಂದು ಜಲಜ ಹೇಳಿದಳು. ಸಂಶಯಪಡುವುದರಲ್ಲಿ ಅಣ್ಣನಿಗೆ ಸಮಾನರಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮಂಜಣ್ಣ ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಹೊರಟದ್ದು ನಿಜ. ಬೈಂದೂರಿನ ಬಸ್ಸಿಗೆ ಕಾದದ್ದೂ ನಿಜ. ಆದರೆ ಎದುರಿನ ಗೋಡೆಯಲ್ಲಿ ಹೊಸ ಪೋಸ್ಟರೊಂದಿತ್ತು. ಅದರಲ್ಲಿ ಒಬ್ಬ ಚಂದದ ಹುಡುಗ, ಅವನ ಹಿಂದೆ ನಗುವ ತಾಯಿ, ಇಬ್ಬರ ಹಿಂದೆ ಕತ್ತಲೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸತ್ಯ ಘಟನೆ ಆಧಾರಿತ’ ಎಂದಿತ್ತು. ಬೈಂದೂರು ಎಲ್ಲಿಗೂ ಓಡಿಹೋಗುವುದಿಲ್ಲ, ಆಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋದರಾಯಿತು ಎಂದುಕೊಂಡು ಅವನು ರಸ್ತೆ ದಾಟಿದ.

ಸಿನೆಮಾ ನಡುವೆ ಜಲಜಳ ಫೋನು ಬಂತು. ಕಟ್ ಮಾಡಿದ. ಪರದೆಯಲ್ಲಿ ಪೊಲೀಸ್ ಜೀಪು ಕಾಣಿಸಿಕೊಂಡದ್ದೇ ತನ್ನ ಊಹೆ ಸರಿಯಾಯಿತೆಂದು ಎದ್ದು ಹೊರಗೆ ಬಂದು, ಕನ್ನಡಕ ಇಲ್ಲದ ಕಣ್ಣಿಗೆ ಫೋನನ್ನು ದೂರ ಹಿಡಿದು ನೋಡಿದ. ಕುಷ್ಟನ ಹೆಸರಿನ ಪಕ್ಕ ಆನೆಗುಡ್ಡೆ ಗಣಪತಿಯ ಫೋಟೊ ಇರುತ್ತದೆ. ಜಲಜಳ ಹೆಸರಿನ ಪಕ್ಕವೂ ಅದೇ ಗಣಪತಿ. ಮಂಜಣ್ಣ ಗಣಪತಿಯನ್ನು ಒತ್ತಿ ಮಾತಾಡತೊಡಗಿದ.

"ಗಂಡ್ ಕಾಂಬುಕ್ ಲಾಯ್ಕ್ ಇದ್ದ, ಅದ್ರಲ್ ಎರಡ್ ಮಾತಿಲ್ಲೆ. ಆರೆ ನಂಗ್ ಸುರುವಿಂದ್ಲೇ ಸಂಶಯ. ಮೊದ್ಲನೇ ಹೆಂಡ್ತಿ ಎಲ್ಲಿಗ್ ಹೋದ್ಳ್ ಅಂದೇಳಿ ಆ ಮನೇಲಿ ಯಾರೂ ಬಾಯಿ ಬಿಡುದಿಲ್ಲೆ. ಗಂಡಿನ್ ಅಬ್ಬಿ ಸುಮ್ನೆ ನಗಾಡ್ಕಂಡೇ ಇಪ್ಪುದ್. ಮನೆ ಹಿಂದ್ ಒಂದ್ ಬಾವಿ ಇತ್ತ್, ಅದ್ರ ಹತ್ರ ಯಾರನ್ನೂ ಬಿಡುದಿಲ್ಲೆ. ನಡುವಲ್ ನಾನೊಂದ್ ಚಾ ಕುಡ್ದ್ ಬಪ್ಪತಿಗೆ ಬಾವಿಗ್ ಹಲಗೆ ಮುಚ್ಚಿ ಆಯ್ತ್. ಕಡಿಕೆ ಪೊಲೀಸ್ ಜೀಪ್ ಬಂತ್, ನಾನ್ ಎದ್ ಬಂದೆ. ಹೆಣ್ಣ್ ಕೊಡುವವ್ರೆಲ್ಲ ಇದನ್ನೊಂದ್ ಸಲ ಕಾಣ್ಕ್. ನೀನ್ ಈಗ ಫೋನ್ ಮಾಡ್ಬೇಡ, ವಿನಯಾ ಹತ್ರ ಇರ್ತ್ಲ್. ಅವ್ಳಿಗ್ ಗೊತ್ತಾಪ್ಪುಕಾಗ."

ಇಷ್ಟು ಹೇಳಿ ಹಗುರಾದ ಮಂಜಣ್ಣನಿಗೆ ಬೈಂದೂರು ನೆನಪಾಯಿತು. ಆದರೆ ಬಿಸಿಲು ನೆತ್ತಿಗೇರಿತ್ತು, ಬಂದ ಬಸ್ಸಿನಲ್ಲಿ ಬಾಗಿಲಿನವರೆಗೆ ಜನ ನೇತಾಡುತ್ತಿದ್ದರು, ಹೊಟ್ಟೆ ಚುರುಗುಟ್ಟುತ್ತಿತ್ತು. ನಾಳೆ ಹೋದರಾಯಿತು ಎಂದು ಅಂಗಡಿಗೆ ಬಂದ. ಮೆಟ್ಟಿಲು ಹತ್ತುವ ಮೊದಲೇ ವಿನಯಾ, ಹೋಗಿ ಬಂದಿರಾ, ಮನೆ ಹೇಗಿದೆ ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದವನ ಬಾಯಿಂದ ಹೌದು ಎಂದು ಬಂತು. ಒಮ್ಮೆ ಹೌದು ಅಂದ ಮೇಲೆ ಮನೆಯನ್ನು ವರ್ಣಿಸಬೇಕಲ್ಲ? ಕಣ್ಣಲ್ಲಿ ಇನ್ನೂ ಉಳಿದಿದ್ದ ಮನೆಯನ್ನೇ ವರ್ಣಿಸಿದ. ಹಂಚಿನ ದೊಡ್ಡ ಮನೆ, ಹಿಂದೊಂದು ಬಾವಿ, ಹುಡುಗ ಚಂದ, ತಾಯಿ ನಗುಮುಖದವಳು ಎಂದ. ವಿನಯಾಳಿಗೆ ಸಮಾಧಾನವಾಯಿತು. ಮಂಜಣ್ಣ ಉಂಡು ಮಲಗಿದ.

ಇತ್ತ ಸಾಲಿಗ್ರಾಮದಲ್ಲಿ ಜಲಜ ಫೋನನ್ನು ಕಿವಿಗೆ ಒತ್ತಿಕೊಂಡು ಆ ಮಾತುಗಳನ್ನು ಕೇಳಿ, ಮತ್ತೊಮ್ಮೆ ಕೇಳಿ, ಅಡುಗೆಮನೆಯಲ್ಲೇ ಕುಸಿದು ಕೂತಳು. ಅಣ್ಣ ಫೋನ್ ಮಾಡಬೇಡ ಎಂದಿದ್ದಾನೆ. ಸ್ವಂತ ಹೆಂಡತಿಗೂ ಹೇಳಲಾಗದಂಥದ್ದನ್ನು ಕಂಡು ಬಂದಿದ್ದಾನೆ ಎಂದರೆ ವಿಷಯ ಸಣ್ಣದಲ್ಲ. ಯಾರಿಗೂ ಹೇಳಬಾರದೆಂದು ಅವಳು ತೀರ್ಮಾನಿಸಿ, ಗಂಡನ ಅಣ್ಣನಾದ, ಬ್ರಹ್ಮಾವರದ ಅಣ್ಣಯ್ಯನವರಿಗೆ ಮಾತ್ರ ಕಳಿಸಿದಳು. ಉಡುಪಿಯ ವಕೀಲರೊಬ್ಬರ ಬಳಿ ಗುಮಾಸ್ತರಾಗಿ ತಲೆ ನರೆಸಿದ್ದ ಅಣ್ಣಯ್ಯನವರೂ ಯಾರಿಗೂ ಹೇಳುವವರಲ್ಲ. ನಂಬಿಕಸ್ಥರಾದ ಕೆಲವು ಬಂಧುಗಳಿಗೆ ಮಾತ್ರ ಕಳಿಸಿದರು. ಆ ನಂಬಿಕಸ್ಥರಿಗೂ ಅವರವರ ನಂಬಿಕಸ್ಥರಿದ್ದರು.

ಜೊತೆಗೆ ಅಣ್ಣಯ್ಯನವರು ತಮಗೆ ಗುರುತಿದ್ದ ಒಬ್ಬ ಪೊಲೀಸಿನವರಿಗೆ ಫೋನು ಮಾಡಿ, ಬೈಂದೂರಿನಲ್ಲಿ ಬಾವಿಗೆ ಸಂಬಂಧಪಟ್ಟ ಕೇಸೇನಾದರೂ ಇದೆಯೇ ಎಂದು ವಿಚಾರಿಸಿದರು. ಅಂಥದ್ದೇನೂ ಇಲ್ಲ ಎಂದು ಅವರು ಕಡಾಖಂಡಿತವಾಗಿ ಹೇಳಿದರು. ಅಣ್ಣಯ್ಯನವರ ಮುಖ ಗಂಭೀರವಾಯಿತು. ಕೇಸನ್ನು ಮುಚ್ಚಿಹಾಕಿದ್ದಾರೆ ಎಂಬುದು ಅವರಿಗೆ ಖಾತ್ರಿಯಾಯಿತು.

ಶನಿವಾರ ಬೆಳಿಗ್ಗೆ ಮಂಜಣ್ಣ ಈ ಸಲ ನಿಜವಾಗಿಯೂ ಬೈಂದೂರಿಗೆ ಹೊರಡಲು ಚಪ್ಪಲಿ ಹುಡುಕುತ್ತಿದ್ದಾಗ ರಿಕ್ಷಾ ಓಡಿಸುವ ಪಕ್ಕದ ಮನೆಯ ಮುತ್ತ ಬೇಲಿಯ ಬದಿಗೆ ಕರೆದ. ಸ್ವರ ತಗ್ಗಿಸಿ, ಬೈಂದೂರಿನ ಐಸ್ ಪ್ಲಾಂಟಿನವರ ಮನೆಗೆ ನಿಮ್ಮ ಸೋದರಸೊಸೆಯನ್ನು ಕೊಡುವುದು ಹೌದೇ ಎಂದು ಕೇಳಿದ. ಹೌದೆಂದಾಗ ಅವನು ಎರಡೂ ಕಡೆ ನೋಡಿ ಹೇಳಿದ.

"ಬೇಡ ಮಾರಾಯ್ರೆ. ಆ ಗಂಡಿಗ್ ಮೊದ್ಲೇ ಒಂದ್ ಮದಿ ಆಯಿತ್ತಂಬ್ರ್. ಹೆಣ್ಣ್ ಎಲ್ಲಿತ್ತ್ ಅಂದೇಳಿ ಯಾರಿಗೂ ಗೊತ್ತಿಲ್ಲೆ. ಮನೆ ಹಿಂದ್ ಒಂದ್ ಬಾವಿ ಇದ್ದಿತ್ತಂಬ್ರ್, ಪೊಲೀಸ್ರ್ ಬಪ್ಪುಕ್ ಮೊದ್ಲೇ ಅದನ್ನ್ ಮುಚ್ಚಿರ್ ಗಡ."

ಮಂಜಣ್ಣನಿಗೆ ಚಪ್ಪಲಿ ಹುಡುಕುವುದು ಮರೆತುಹೋಯಿತು. ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಅವನು ಯೋಚಿಸುವಷ್ಟರಲ್ಲಿ ಅಣ್ಣಯ್ಯನವರ ಫೋನು ಬಂತು. ಅವರು ಪೀಠಿಕೆಯಿಲ್ಲದೆ, ಮೊದಲನೇ ಹೆಂಡತಿಯ ವಿಷಯ, ಬಾವಿಯ ವಿಷಯ ಎರಡೂ ನಮಗೆ ತಲುಪಿವೆ, ಫೋನಿನಲ್ಲಿ ಹೆಚ್ಚು ಮಾತು ಬೇಡ, ನೀನು ಕಂಡದ್ದು ಕಂಡದ್ದೇ ಹೌದಲ್ಲವೇ ಎಂದು ಕೇಳಿದರು. ವಿನಯಾ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಬೈಂದೂರಿಗೆ ಹೋಗಿ ಬಂದಿದ್ದೇನೆಂದು ಅವಳಿಗೆ ಹೇಳಿ ಆಗಿತ್ತು. ಬಾವಿ ಇದೆಯೆಂದೂ ಹೇಳಿ ಆಗಿತ್ತು.

"ಹೌದ್, ಕಂಡೆ" ಎಂದ ಮಂಜಣ್ಣ.

ಫೋನಿಟ್ಟ ಮೇಲೆ ಅವನು ಅಂಗಳದ ಕಟ್ಟೆಯಲ್ಲಿ ಕೂತು ಬಹಳ ಹೊತ್ತು ಆಲೋಚನೆ ಮಾಡಿದ. ಮುತ್ತನಿಗೆ ಗೊತ್ತು, ಬ್ರಹ್ಮಾವರದವರಿಗೆ ಗೊತ್ತು. ಇಬ್ಬರೂ ಹೇಳುವುದು ಒಂದೇ. ಅದೇ ಹೆಂಡತಿ, ಅದೇ ಬಾವಿ, ಅದೇ ಪೊಲೀಸು. ನಿನ್ನೆ ತಾನು ಟಾಕೀಸಿನಲ್ಲಿ ಕಂಡದ್ದೂ ಅದೇ. ಹಾಗಾದರೆ ಇದರ ಅರ್ಥವೇನು? ಪೋಸ್ಟರಿನ ದಪ್ಪ ಅಕ್ಷರಗಳು ಅವನ ಕಣ್ಣ ಮುಂದೆ ಬಂದು ನಿಂತವು. ಸತ್ಯ ಘಟನೆ ಆಧಾರಿತ. ಸಿನೆಮಾದವರು ಬೈಂದೂರಿನ ಕುಸುಮಾವತಿಯ ಮನೆಯ ಕಥೆಯನ್ನೇ ತೆಗೆದಿದ್ದರು. ಲೋಕಕ್ಕೆಲ್ಲ ತೋರಿಸಿದ್ದರು. ಹೆಣ್ಣಿನ ಕಡೆಯವರಾದ ತಮಗೆ ಮಾತ್ರ ಗೊತ್ತಿರಲಿಲ್ಲ. ಬೈಂದೂರಿಗೆ ಹೋಗದೆ ಟಾಕೀಸಿಗೆ ಹೋದದ್ದು ದೈವಪ್ರೇರಣೆ. ಬೈಂದೂರಿಗೆ ಹೋಗಿದ್ದರೆ ಇಷ್ಟು ಒಳ್ಳೆಯ ಮಾಹಿತಿ ಸಿಗುತ್ತಲೇ ಇರಲಿಲ್ಲ ಎಂದು ಅವನಿಗೆ ಅನಿಸಿತು. ಆ ದಿನ ಅವನು ಚಪ್ಪಲಿ ಮೆಟ್ಟಲೇ ಇಲ್ಲ.

ಸಂಜೆಯ ಹೊತ್ತಿಗೆ ಜಲಜಳ ಮನೆಗೆ ಸಮಾಧಾನ ಹೇಳುವವರು ಬರತೊಡಗಿದರು. ಒಬ್ಬಾಕೆ ಬಾವಿಯ ಆಳ ಹೇಳಿದಳು. ಇನ್ನೊಬ್ಬಾಕೆ ತನ್ನ ತವರು ಬೈಂದೂರಿನ ಕಡೆಗೇ ಇರುವುದೆಂದೂ, ಆ ಮೊದಲ ಹೆಂಡತಿಯನ್ನು ತಾನು ಸಂತೆಯಲ್ಲಿ ಕಂಡಿದ್ದೆನೆಂದೂ, ಪಾಪ ಹೂವಿನಂಥ ಹೆಣ್ಣೆಂದೂ ಕಣ್ಣೊರೆಸಿಕೊಂಡಳು. ಧನ್ಯಶ್ರೀ ಮಾತ್ರ ಬಾಗಿಲಿಗೆ ಒರಗಿ ನಿಂತು ಎಲ್ಲರ ಮಾತು ಕೇಳಿ, ಇದಕ್ಕೆಲ್ಲ ಮೂಲ ಯಾರು, ಕಂಡವರು ಯಾರು ಎಂದು ಕೇಳಿದಳು. ಕಂಡವನು ನಿನ್ನ ಮಾವ ಎಂದಳು ತಾಯಿ. ಧನ್ಯಶ್ರೀ ಆಲೋಚನೆಗೆ ಬಿದ್ದಳು. ಅವಳು ರತನ್ ಜೊತೆ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿದ್ದಳು. ಒಳ್ಳೆಯ ಸ್ವರ ಎಂದು ಅನಿಸಿತ್ತು. ಆದಿತ್ಯವಾರದ ಪ್ರಯಾಣ ರದ್ದು ಮಾಡುವ ಮಾತು ಬಂದಾಗ ಅವಳು ಒಪ್ಪಲಿಲ್ಲ. ಬಿಡುವುದಾದರೂ ಮುಖ ನೋಡಿ ಹೇಳಿ ಬಿಡುವ ಎಂದಳು. ಅಣ್ಣಯ್ಯನವರಿಗೂ ಅದು ಸರಿಕಂಡಿತು. ಸ್ಥಳ ಪರಿಶೀಲನೆ ಆಗದೆ ಅವರು ಯಾವ ಫೈಲನ್ನೂ ಮುಚ್ಚಿದವರಲ್ಲ.

ಆದಿತ್ಯವಾರ ಬಾಡಿಗೆ ಓಮ್ನಿಯಲ್ಲಿ ಐವರೂ ಹೊರಟರು. ಮುಂದೆ ಅಣ್ಣಯ್ಯನವರು ಮಡಚಿದ ಕೊಡೆ ಹಿಡಿದು ಕೂತಿದ್ದರು. ಹಿಂದೆ ಜಲಜ, ಧನ್ಯಶ್ರೀ, ವಿನಯಾ, ಮತ್ತು ಮೂಲೆಯಲ್ಲಿ ಮಂಜಣ್ಣ. ಬೈಂದೂರು ಹತ್ತಿರವಾದಂತೆ ಡ್ರೈವರ್, ಮಂಜಣ್ಣ ಮೊನ್ನೆ ಬಂದಿದ್ದರಲ್ಲ, ದಾರಿ ಹೇಳಲಿ ಎಂದ. ಮಂಜಣ್ಣ, ತಾನು ಬಂದದ್ದು ಗುಟ್ಟಾಗಿ ಆದ್ದರಿಂದ ಹಿಂದಿನ ಗದ್ದೆಯಲ್ಲಿ ಬಂದೆ, ಮುಂದಿನ ದಾರಿ ಗೊತ್ತಿಲ್ಲ ಎಂದ. ಈ ಉತ್ತರಕ್ಕೆ ಅಣ್ಣಯ್ಯನವರು ತಲೆದೂಗಿದರು. ವಿನಯಾ ತಲೆದೂಗಲಿಲ್ಲ.

ರತನ್ ಮನೆ ಸಿಕ್ಕಿದಾಗ ಅದು ಹಂಚಿನ ಮನೆಯಾಗಿರಲಿಲ್ಲ. ಎರಡು ಅಂತಸ್ತಿನ ತಾರಸಿ, ನೀಲಿ ಬಣ್ಣ, ಗೇಟಿಗೆ ಎರಡು ಸಿಮೆಂಟಿನ ಆನೆ.

"ಹಂಚಿನ ಮನೆ ಅಂದ್ರಿ ಅಲ್ದಾ?" ಎಂದಳು ವಿನಯಾ, ಮೆಲ್ಲಗೆ.

"ಹಿಂದಿಂದ ಕಂಡ್ರೆ ಹಂಚ್" ಎಂದ ಮಂಜಣ್ಣ.

ಅಷ್ಟರಲ್ಲಿ ಅಣ್ಣಯ್ಯನವರು ಯಾರ ಸ್ವಾಗತಕ್ಕೂ ಕಾಯದೆ ನೇರ ಹಿತ್ತಿಲಿಗೆ ನಡೆದಿದ್ದರು. ಉಳಿದವರೂ ಹಿಂಬಾಲಿಸಿದರು. ಹಿತ್ತಿಲಿನಲ್ಲಿ ತೆಂಗಿನ ಮರವಿತ್ತು, ಬಟ್ಟೆ ಒಣಗಿಸುವ ಸರಿಗೆಯಿತ್ತು, ನೀರಿಗೆ ಬೋರ್‌ವೆಲ್ ಇತ್ತು. ಬಾವಿ ಮಾತ್ರ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಮಂಜಣ್ಣನ ಎದೆ ಹಗುರಾಗುವ ಮೊದಲೇ ಅಣ್ಣಯ್ಯನವರ ಕೊಡೆ ಒಂದು ಕಡೆಗೆ ಚಾಚಿತು. ಹಿತ್ತಿಲಿನ ನಡುವೆ ಹೊಸದಾಗಿ ಸಿಮೆಂಟು ಹಾಕಿದ ಚೌಕ ಜಾಗವೊಂದಿತ್ತು. ಅದರ ಮೇಲೆ ಸೀಗಡಿ ಒಣಗಲು ಹಾಕಿದ್ದರು. ಅಣ್ಣಯ್ಯನವರು ಸೀಗಡಿಯನ್ನು ಕಾಲಿನಿಂದ ಸರಿಸಿ, ಕೊಡೆಯ ತುದಿಯಿಂದ ಸಿಮೆಂಟನ್ನು ಕುಟ್ಟಿ ಕಿವಿಗೊಟ್ಟರು. ಜಲಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇಲ್ಲೇ" ಎಂದರು ಅಣ್ಣಯ್ಯನವರು.

"ಎಂತ ಇಲ್ಲೇ?" ಎಂದು ಹಿಂದಿನಿಂದ ಹೆಂಗಸಿನ ಸ್ವರ ಕೇಳಿತು. ಕುಸುಮಾವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಹಿಂದೆ ಎತ್ತರದ ಹುಡುಗನೊಬ್ಬ ನಿಂತಿದ್ದ. ಅವನೇ ರತನ್. ಅಣ್ಣಯ್ಯನವರು ಏನೂ ಆಗದವರಂತೆ ಸೀಗಡಿಯನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿದರು. ಕುಸುಮಾವತಿ ಎಲ್ಲರನ್ನೂ ಚಾವಡಿಗೆ ಕರೆದು ಕೂರಿಸಿ, ಬೆಲ್ಲ ನೀರು ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಧನ್ಯಶ್ರೀಯೊಬ್ಬಳೇ ಕುಡಿದಳು. ಜಲಜ ಮಗಳ ಮುಖವನ್ನೇ ಗಾಬರಿಯಿಂದ ನೋಡುತ್ತ, ಅವಳಿಗೆ ಏನೂ ಆಗದ್ದನ್ನು ಕಂಡು ಉಸಿರು ಬಿಟ್ಟಳು.

ಕುಸುಮಾವತಿಯೇ ಮೊದಲು ಬಾಯಿ ತೆರೆದಳು. ನಿಮ್ಮಲ್ಲಿ ಹೆಣ್ಣಿನ ಸೋದರಮಾವ ಯಾರು ಎಂದು ಕೇಳಿದಳು. ಎಲ್ಲರೂ ಮಂಜಣ್ಣನತ್ತ ನೋಡಿದರು. ಕುಸುಮಾವತಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಇವರಲ್ಲ ಎಂದಳು.

ಇವರೇ, ಮೊನ್ನೆ ಶುಕ್ರವಾರ ನಿಮ್ಮಲ್ಲಿಗೆ ಬಂದು ಹೋದರಲ್ಲ ಎಂದಳು ಜಲಜ.

"ಶುಕ್ರವಾರ ಬಂದ ಮಾವ ಬೇರೆ" ಎಂದಳು ಕುಸುಮಾವತಿ. "ಅವ್ರಿಗ್ ದೊಡ್ಡ ಮೀಸೆ ಇತ್ತ್. ಸ್ಕೂಟ್ರಲ್ ಬಂದಿದ್ರ್. ಇಲ್ಲೇ ಕೂತ್ಕಂಡ್ ಉಂಡ್ರ್."

ಮಾವ ಬರುವ ಸುಳಿವು ಅವಳಿಗೆ ಮೊದಲೇ ಸಿಕ್ಕಿತ್ತಂತೆ. ಹಾಗಾಗಿ ದುಬಾರಿಯ ಅಂಜಲ್ ಮೀನು ತರಿಸಿ ಇಟ್ಟಿದ್ದಳಂತೆ. ಬಂದವರು ಬಹಳ ವಿವರವಾಗಿ ವಿಚಾರಿಸಿದರಂತೆ. ಹುಡುಗನ ಪ್ರಾಯ ಎಷ್ಟು, ಸಂಪಾದನೆ ಹೇಗೆ, ತಂದೆ ಯಾವ ಕಾಯಿಲೆಯಲ್ಲಿ ತೀರಿಕೊಂಡರು, ಮನೆಯಲ್ಲಿ ಬೇರೆ ಯಾರಿಗೆ ಕಾಯಿಲೆ ಇದೆ, ಕುಡಿತ ಉಂಟೋ, ಸಿಗರೇಟು ಉಂಟೋ. ಇಷ್ಟು ಜಾಗ್ರತೆಯ ಮಾವ ಇರುವ ಮನೆಯಿಂದ ಹೆಣ್ಣು ತರುವುದು ಪುಣ್ಯ ಎಂದುಕೊಂಡಳಂತೆ. ಹೋಗುವಾಗ ಅವರಿಗೆ ಹಪ್ಪಳ, ಸಂಡಿಗೆ ಕಟ್ಟಿ ಕೊಟ್ಟಳಂತೆ. ಆದಿತ್ಯವಾರ ಪಾಲಿಸಿ ತೆಗೆದುಕೊಂಡು ಬರುತ್ತೇನೆ ಎಂದಾಗ ಅವಳಿಗೆ ಸರಿಯಾಗಿ ಅರ್ಥವಾಗದಿದ್ದರೂ, ಕಲಿತವರ ಮನೆಯಲ್ಲಿ ಈಗ ಹಾಗೊಂದು ಶಾಸ್ತ್ರ ಇರಬಹುದೆಂದು ಸುಮ್ಮನಾದಳಂತೆ.

ಇದನ್ನು ಕೇಳುತ್ತ ಕೇಳುತ್ತ ಮಂಜಣ್ಣನ ಕಡೆಯವರ ಕಣ್ಣುಗಳು ಒಂದೊಂದಾಗಿ ಮಂಜಣ್ಣನ ಮೇಲೆ ನೆಟ್ಟವು. ವಿನಯಾಳ ಕಣ್ಣು ಮೊದಲೇ ನೆಟ್ಟಿತ್ತು. ಮಂಜಣ್ಣ, ಮೊನ್ನೆ ತನಗೆ ಮೀಸೆ ಇತ್ತು, ನಿನ್ನೆ ತೆಗೆಸಿದೆ ಎಂದ. ತಾನು ಮದುವೆಯಾದ ದಿನದಿಂದ ಅವನ ಮುಖದಲ್ಲಿ ಮೀಸೆ ಕಂಡಿಲ್ಲ ಎಂದಳು ವಿನಯಾ. ಅಣ್ಣಯ್ಯನವರು ಕುರ್ಚಿಯನ್ನು ಮಂಜಣ್ಣನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡರು.

ಆ ಗಳಿಗೆಗೆ ಸರಿಯಾಗಿ ಗೇಟಿನ ಹೊರಗೆ ಸ್ಕೂಟರು ನಿಂತಿತು. ದೊಡ್ಡ ಮೀಸೆಯ ನಡುವಯಸ್ಸಿನವನೊಬ್ಬ ಬ್ಯಾಗು ಹಿಡಿದು ನಗುತ್ತ ಒಳಗೆ ಬಂದು ಎಲ್ಲರಿಗೂ ಕೈಮುಗಿದ. ಕುಸುಮಾವತಿ ಎದ್ದು ನಿಂತು, ಇವರೇ ಮಾವ ಎಂದಳು. ಅವನು ಗಲಿಬಿಲಿಗೊಂಡು ತನ್ನ ಹೆಸರು ಶೈಲೇಶ್ ಎಂದೂ, ತಾನು ವಿಮೆ ಏಜೆಂಟ್ ಎಂದೂ, ಇಷ್ಟು ಪ್ರೀತಿಯಿಂದ ಬಡಿಸಿದ ಗಿರಾಕಿಗಳು ತನಗೆ ಈ ಕೆಲಸದಲ್ಲಿ ಮೊದಲ ಸಲ ಸಿಕ್ಕಿದ್ದೆಂದೂ ಹೇಳಿದ. ಕುಸುಮಾವತಿ ಅಂಜಲ್ ಮೀನನ್ನು ನೆನೆದು ಕೂತುಬಿಟ್ಟಳು.

ಅಣ್ಣಯ್ಯನವರು ಎದ್ದು ನಿಂತು ಕೊಡೆಯನ್ನು ನೆಲಕ್ಕೆ ಊರಿದರು. ಅದೆಲ್ಲ ಇರಲಿ, ನಮ್ಮ ಮಾವ ಬಂದನೋ ಬೇರೆ ಮಾವ ಬಂದನೋ ಎನ್ನುವುದು ಆಮೇಲಿನ ಮಾತು, ಮೊದಲು ಬಾವಿ ಎಲ್ಲಿ ಎಂದು ಕೇಳಿದರು. ಆಗ ಕುಸುಮಾವತಿಗೆ ಸಿಟ್ಟು ಬಂತು. ಅವಳು ತನ್ನ ಫೋನನ್ನು ಟೀಪಾಯಿಯ ಮೇಲಿಟ್ಟಳು. ನಿನ್ನೆ ಯಾರೋ ನೆಂಟರು ಇದನ್ನು ಕಳಿಸಿದರು, ಮಗನಿಗೆ ನೋವಾಗುತ್ತದೆಂದು ಅವನಿಗೆ ಇದುವರೆಗೆ ಕೇಳಿಸಲಿಲ್ಲ, ಈಗ ಎಲ್ಲರ ಎದುರಿಗೇ ಕೇಳಲಿ ಎಂದು ಒತ್ತಿದಳು.

"ಗಂಡ್ ಕಾಂಬುಕ್ ಲಾಯ್ಕ್ ಇದ್ದ, ಅದ್ರಲ್ ಎರಡ್ ಮಾತಿಲ್ಲೆ" ಎಂದಿತು ಫೋನು.

ಮಂಜಣ್ಣನಿಗೆ ಆ ಸ್ವರ ಪರಿಚಿತವೆನಿಸಿತು. ನಾಲ್ಕು ಮಾತು ಕಳೆಯುವಷ್ಟರಲ್ಲಿ ಬಹಳ ಪರಿಚಿತವೆನಿಸಿತು. ಚಾ ಕುಡಿದು ಬಂದ ವಿಷಯ ಬಂದಾಗ ಅವನಿಗೆ ಎಲ್ಲವೂ ತಿಳಿಯಿತು. ಆನೆಗುಡ್ಡೆ ಗಣಪತಿ ಸಮೇತ ತಿಳಿಯಿತು. ಅವನು ಬಾಗಿಲು ಎಷ್ಟು ದೂರ ಇದೆ ಎಂದು ನೋಡಿದ. ಬಾಗಿಲಲ್ಲಿ ಶೈಲೇಶ್ ಬ್ಯಾಗು ಹಿಡಿದು ನಿಂತಿದ್ದ. ಫೋನು ವಿನಯಾಳಿಗೆ ಗೊತ್ತಾಗಬಾರದು ಎಂದು ಹೇಳಿ ಮುಗಿಸಿದಾಗ ವಿನಯಾ ಕೆಮ್ಮಿದಳು.

ಎಲ್ಲರೂ ರತನ್‌ನ ಮುಖ ನೋಡಿದರು. ಅವನು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವನು ನಿಧಾನವಾಗಿ ಸಡಿಲಗೊಂಡ.

"ಇದ್ ಸಿನೆಮಾ ಕತೆ ಅಲ್ದಾ ಅಬ್ಬಿ?" ಎಂದ. "ನಾನೂ ಕಂಡಿದೆ. ಈ ಮಾತಾಡಿದವ್ರ್ ಪೂರ್ತಿ ಕಾಣ್ಲಿಲ್ಲೆ ಅಂದೇಳಿ ಕಾಣತ್ತ್. ಆ ಗಂಡಿಂದ್ ಎಂತ ತಪ್ಪೂ ಇಲ್ಲೆ, ಮಾಡಿದ್ದೇ ಬೇರೆ ಯಾರೋ."

ಆಗ ಮಂಜಣ್ಣ ಸುಮ್ಮನಿದ್ದಿದ್ದರೆ ಇನ್ನೂ ಒಂದು ದಾರಿ ಉಳಿಯುತ್ತಿತ್ತು. ಧ್ವನಿ ತನ್ನದಲ್ಲ, ಈಗಿನ ಕಂಪ್ಯೂಟರಿನಲ್ಲಿ ಯಾರ ಧ್ವನಿಯನ್ನಾದರೂ ಮಾಡುತ್ತಾರೆ ಎಂದು ವಾದಿಸಬಹುದಿತ್ತು. ಅಣ್ಣಯ್ಯನವರು ನಂಬುವ ಸಾಧ್ಯತೆಯೂ ಇತ್ತು. ಆದರೆ ಇಷ್ಟು ವರ್ಷದ ಅವನ ತನಿಖಾವೃತ್ತಿಗೆ ಇಂಥ ಏಟು ಬಿದ್ದಿರಲಿಲ್ಲ. ಅವನು ಕುರ್ಚಿಯಿಂದ ಅರ್ಧ ಎದ್ದು ಕೇಳಿಯೇಬಿಟ್ಟ.

"ಹೌದಾ? ಮತ್ ಮಾಡಿದ್ ಯಾರ್?"

ಜಲಜಳಿಗೆ ಮೊದಲು ಅರ್ಥವಾಗಲಿಲ್ಲ; ಅರ್ಥವಾದ ಮೇಲೆ ಅವಳು ಅಣ್ಣನನ್ನು ನೋಡಿದ ನೋಟಕ್ಕೆ ಬಾವಿಯಿದ್ದರೆ ಅವನೇ ಹೋಗಿ ಹಾರುತ್ತಿದ್ದ. ಅಣ್ಣಯ್ಯನವರು ಕೊಡೆಯನ್ನು ಬಿಚ್ಚಿದರು, ಮಡಚಿದರು, ತಾವು ಮೊದಲಿನಿಂದಲೂ ಈ ಸಾಕ್ಷಿಯನ್ನು ಪೂರ್ತಿ ನಂಬಿರಲಿಲ್ಲ ಎಂದರು. ವಿನಯಾ, ಗಂಡ ಮಾಲು ತರಲು ಹೋದ ಅಷ್ಟೂ ಶುಕ್ರವಾರಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎತ್ತಿ ಇಡುತ್ತಿದ್ದಳು. ಅದು ಮಂಜಣ್ಣನಿಗೆ ಕಾಣುತ್ತಿತ್ತು. ಹಿತ್ತಿಲಿನ ಹೊಸ ಸಿಮೆಂಟು ಕಕ್ಕಸಿನ ಗುಂಡಿಯದು, ಬೇಕಿದ್ದರೆ ಮುಚ್ಚಳ ತೆಗೆದು ತೋರಿಸುತ್ತೇನೆ ಎಂದಳು ಕುಸುಮಾವತಿ. ಅಣ್ಣಯ್ಯನವರು ಬೇಡವೆಂದರು.

ಆದರೆ ಮಾತು ಅಷ್ಟಕ್ಕೆ ನಿಲ್ಲಲಿಲ್ಲ. ಗಂಡಿನ ಮನೆಯನ್ನು ನೋಡದೆ ಊರಿಗೆಲ್ಲ ಕೊಲೆಗಾರರ ಮನೆ ಎಂದು ಸಾರಿದವರ ಹತ್ತಿರ ಸಂಬಂಧ ಹೇಗೆ ಮಾಡುವುದು ಎಂದು ಕುಸುಮಾವತಿ ನೇರವಾಗಿಯೇ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಗಂಡ ಹೋದ ಮೇಲೆ ಒಬ್ಬಳೇ ಕಟ್ಟಿದ ಮನೆ ಇದು, ನಿನ್ನೆಯಿಂದ ಮೀನು ಮಾರಲು ಬರುವವಳೂ ಗೇಟಿನ ಹೊರಗೇ ನಿಲ್ಲುತ್ತಿದ್ದಾಳೆ ಎಂದಳು. ಮಂಜಣ್ಣ ತಲೆ ತಗ್ಗಿಸಿದ. ಸಿನೆಮಾದಲ್ಲಿ ಅವನು ಸಂಶಯಪಟ್ಟವರು ಯಾರೂ ಹೀಗೆ ಎದುರಿಗೆ ಕೂತು ಅತ್ತಿರಲಿಲ್ಲ. ಅವನು ಎದ್ದು ಹೋಗಿ ಕುಸುಮಾವತಿಯ ಎದುರು ಕೈಮುಗಿದ.

"ತಪ್ಪ್ ನಂದೇ ಅಮ್ಮ. ಹೆಣ್ಣಿಂದಲ್ಲ, ಅವ್ಳ ಅಬ್ಬಿದೂ ಅಲ್ಲ. ನಾನ್ ಇಲ್ಲಿಗ್ ಬರ್ಲೇ ಇಲ್ಲೆ. ಬಂದಿದೆ ಅಂದೇಳಿ ಸುಳ್ಳ್ ಹೇಳ್ದೆ."

ಆಗ ಧನ್ಯಶ್ರೀ ಎದ್ದಳು. ಎಲ್ಲರೂ ಎಲ್ಲರನ್ನೂ ವಿಚಾರಿಸಿ ಆಯಿತು, ಇನ್ನು ನನಗೆ ಕೇಳಲಿಕ್ಕಿರುವುದನ್ನು ನಾನೇ ಕೇಳುತ್ತೇನೆ ಎಂದು ರತನ್‌ನ ಕಡೆ ನೋಡಿದಳು. ಇಬ್ಬರೂ ಹಿತ್ತಿಲಿಗೆ ಹೋಗಿ ಸೀಗಡಿಯ ಪಕ್ಕದಲ್ಲಿ ನಿಂತರು. ಚಾವಡಿಯ ಕಿಟಕಿಯಿಂದ ಅವರು ಕಾಣುತ್ತಿದ್ದರು, ಮಾತು ಕೇಳಿಸುತ್ತಿರಲಿಲ್ಲ. ಒಳಗಿದ್ದವರು ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಸರಿದರು. ಹುಡುಗ ತಲೆ ಕೆರೆದುಕೊಂಡ. ಹುಡುಗಿ ಕೈಕಟ್ಟಿ ನಿಂತಳು. ಹುಡುಗ ಏನೋ ಹೇಳಿ ನೆಲ ನೋಡಿದ. ಹುಡುಗಿ ನಕ್ಕಳು. ಮಂಜಣ್ಣನಿಗೆ ಒಂದೆರಡು ಅಭಿಪ್ರಾಯಗಳು ಗಂಟಲಿನವರೆಗೆ ಬಂದವು. ವಿನಯಾ ಅವನ ಕಡೆ ತಿರುಗಿದಳು. ಅವು ಹಾಗೆಯೇ ಕೆಳಗಿಳಿದವು.

ಮರಳಿ ಬಂದ ಧನ್ಯಶ್ರೀ ತಾಯಿಯ ಪಕ್ಕದಲ್ಲಿ ಕೂತು, ತನಗೆ ಒಪ್ಪಿಗೆ ಎಂದಳು. ಇಷ್ಟು ಬೇಗ ಹೇಗೆ ಒಪ್ಪಿದೆ, ಏನು ಕೇಳಿದೆ ಎಂದು ಜಲಜ ಪಿಸುಗುಟ್ಟಿದಳು. ಧನ್ಯಶ್ರೀ ಪಿಸುಗುಟ್ಟುವವಳಲ್ಲ.

"ನಿಮ್ ಬಗ್ಗೆ ನಂಗ್ ಗೊತ್ತಿಲ್ದೇ ಇಪ್ಪುದ್ ಎಂತಾರೂ ಇತ್ತಾ ಅಂದೇಳಿ ಕೇಂಡೆ. ಸಿಗ್ರೇಟ್ ಸೇದ್ತೆ, ಅಬ್ಬಿಗ್ ಗೊತ್ತಿಲ್ಲೆ ಅಂದ್ರ್. ಎರಡ್ ದಿನದಿಂದ ಸುಳ್ಳ್ ಕೇಂಡ್ ಕೇಂಡ್ ಸಾಕಾಯ್ತ್. ಕೇಣದೇ ಇದ್ರೆ ಹೇಳ್ತಿರ್ಲಿಲ್ಲೆ, ಕೇಂಡದ್ದಕ್ಕೆ ನಿಜ ಹೇಳ್ರ್. ನಂಗ್ ಅಷ್ಟ್ ಸಾಕ್."

ಬಾಗಿಲಲ್ಲಿ ನಿಂತಿದ್ದ ಶೈಲೇಶ್ ಬ್ಯಾಗು ತೆರೆಯುತ್ತಿದ್ದವನು ನಿಲ್ಲಿಸಿದ. ಮೊನ್ನೆ ಸಿಗರೇಟು ಇಲ್ಲ ಎಂದಿದ್ದರಲ್ಲ ಎಂದು ವಿನಯದಿಂದ ನೆನಪಿಸಿ, ಗಂಟಲು ಸರಿಪಡಿಸಿಕೊಂಡ.

"ಹಾಂಗಾರೆ ಪ್ರೀಮಿಯಂ ಬೇರೆ ಆತ್ತ್" ಎಂದ.

ಕುಸುಮಾವತಿ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದಳು. ಯಾವಾಗಿನಿಂದ, ಯಾವ ಅಂಗಡಿಯಿಂದ, ಐಸ್ ಪ್ಲಾಂಟಿನಲ್ಲಿ ಜೊತೆಗೆ ಸೇದುವವರು ಯಾರು ಎಂದು ಅವಳು ಶುರುಮಾಡಿದಾಗ ಅಣ್ಣಯ್ಯನವರೂ ಕುರ್ಚಿಯನ್ನು ಆ ಕಡೆಗೆ ತಿರುಗಿಸಿ ಕೊಡೆಯ ಮೇಲೆ ಗಲ್ಲ ಊರಿದರು. ಜಲಜ, ತಿಂಗಳಿಗೆ ಎಷ್ಟು ಎಂದು ಕೇಳಿದಳು. ರತನ್ ಗೋಡೆಗೆ ಒರಗಿ ಬೆವರತೊಡಗಿದ. ಎರಡು ದಿನಗಳಲ್ಲಿ ಮೊದಲ ಬಾರಿಗೆ ಮಂಜಣ್ಣನನ್ನು ಯಾರೂ ನೋಡುತ್ತಿರಲಿಲ್ಲ.

ಒಳಗಿನಿಂದ ಬಂಗುಡೆ ಮೀನಿನ ಗಸಿಯ ಪರಿಮಳ ಬರುತ್ತಿತ್ತು. ಮಂಜಣ್ಣ ಸದ್ದಾಗದಂತೆ ಎದ್ದು, ಕೈತೊಳೆದು, ಊಟದ ಮೇಜಿನ ಒಂದು ತುದಿಯಲ್ಲಿ ಕೂತು ತಟ್ಟೆ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಶೈಲೇಶ್ ಬಂದು ಎದುರಿಗೆ ಕೂತ. ಇಬ್ಬರು ಮಾವಂದಿರೂ ಒಬ್ಬರ ಮುಖ ಒಬ್ಬರು ನೋಡದೆ ಬಡಿಸಿಕೊಳ್ಳತೊಡಗಿದರು.